ಆದೇಶ ಹೊರಟಿದೆ, ನಮ್ಮೂರಿಗೆ ಬಂದಿಲ್ಲ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಘನತೆಯಿಂದ ಸಾಯುವ ಹಕ್ಕಿಗೆ ಸಂಬಂಧಿಸಿದ 2025ರ ಜನವರಿ 30ರ ಆದೇಶವನ್ನು ತಾಲ್ಲೂಕು ಹಾಗೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜಾರಿಗೆ ತರುವ ಬಗ್ಗೆ.

ಮಾನ್ಯರೇ,

ಗುಣವಾಗುವ ಭರವಸೆಯೇ ಇಲ್ಲದ ರೋಗಿಗೆ, ಯಂತ್ರಗಳ ಬಲದಿಂದ ಉಸಿರನ್ನು ಎಳೆದುಕೊಂಡು ಹೋಗುವ ಚಿಕಿತ್ಸೆ ಬೇಡವೆನ್ನುವ ಹಕ್ಕಿದೆ ಎಂಬ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ರಾಜ್ಯದಲ್ಲಿ ಕಾರ್ಯರೂಪಕ್ಕೆ ತರಲು ತಮ್ಮ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿತು. ಅದನ್ನು ಮನಸಾರೆ ಸ್ವಾಗತಿಸಿದ ಕುಟುಂಬಗಳಲ್ಲಿ ನಮ್ಮದೂ ಒಂದು. ಆ ಆದೇಶವನ್ನು ನಂಬಿ ನಡೆದ ನಮಗೆ ಆದ ಅನುಭವವನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರನ್ನಾಗಲಿ, ಪಂಚಾಯಿತಿಯ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಅಲ್ಲಿದ್ದವರು ಕೆಟ್ಟವರಲ್ಲ, ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಜಾಗದಲ್ಲಿ ಬೇರೆ ಯಾರಿದ್ದರೂ ಹೀಗೇ ಆಗುತ್ತಿತ್ತು ಎಂಬುದೇ ನನ್ನ ದೂರು.

ನಾನು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನವಳು. ಈ ವಿಷಯ ನಮ್ಮ ಭಾಗದವರಿಗೆ ಹೊಸದಲ್ಲ. ಇದೇ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಅವರು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ, 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಭೀಕರ ದೌರ್ಜನ್ಯಕ್ಕೆ ಗುರಿಯಾಗಿ, 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ ಸುಮಾರು 42 ವರ್ಷ ಅಲ್ಲಿಯ ಹಾಸಿಗೆಯ ಮೇಲೆಯೇ ಇದ್ದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ನೆಮ್ಮದಿಯಿಂದ ಸಾಯಲು ಬಿಡಬೇಕೆಂದು ಅವರ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ್ದ ಅರ್ಜಿಯನ್ನು 2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಆದರೆ ಉಚ್ಚ ನ್ಯಾಯಾಲಯದ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಬಹುದೆಂಬ ದಾರಿ ಈ ದೇಶದಲ್ಲಿ ತೆರೆದುಕೊಂಡದ್ದು ಅದೇ ತೀರ್ಪಿನಿಂದ. ಅರುಣಾ ಅವರನ್ನು ತಲೆಮಾರುಗಳ ನರ್ಸುಗಳು ಒಡಹುಟ್ಟಿದವರಂತೆ ನೋಡಿಕೊಂಡರು, ಅವರನ್ನು ಹೋಗಲು ಬಿಡುವುದಿಲ್ಲ ಎಂದು ಗಟ್ಟಿಯಾಗಿ ನಿಂತವರೂ ಆ ನರ್ಸುಗಳೇ. ಇದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಅದೇ ಆರೈಕೆ ಅರುಣಾ ಅವರಿಗೆ ಬೇಕಿತ್ತೋ ಇಲ್ಲವೋ ಎಂದು ಕೇಳಲು ಮಾತ್ರ ಯಾರಿಗೂ ಸಾಧ್ಯವಿರಲಿಲ್ಲ, ಹೇಳಲು ಅವರಿಗೂ ಶಕ್ತಿಯಿರಲಿಲ್ಲ.

ಈ ತೊಡಕಿಗೆ ಪರಿಹಾರ ಕೊಟ್ಟದ್ದು 2018ರ ಮಾರ್ಚ್ 9ರ ಸಂವಿಧಾನ ಪೀಠದ ತೀರ್ಪು. ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದ ಆ ತೀರ್ಪು, ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಮನುಷ್ಯ ತನ್ನ ಇಚ್ಛೆಯನ್ನು ಬರೆದಿಡಬಹುದು ಎಂದು ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಅಂದರೆ ಎಲ್ಲರೂ ಲಿವಿಂಗ್ ವಿಲ್ ಎನ್ನುವ ಪತ್ರಕ್ಕೆ, ಮಾನ್ಯತೆ ನೀಡಿತು. ಆಗ ವಿಧಿಸಿದ್ದ ನಿಯಮಗಳು ಬಲು ಬಿಗಿಯಾಗಿದ್ದವು. ಮ್ಯಾಜಿಸ್ಟ್ರೇಟರ ಮೇಲುರುಜು ಇಲ್ಲದೆ ಪತ್ರ ಸಿಂಧುವಾಗುತ್ತಿರಲಿಲ್ಲ. 2023ರ ಜನವರಿ 24ರಂದು ನ್ಯಾಯಾಲಯವೇ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು ಎಂದಿತು. ಪತ್ರದ ಒಂದು ಪ್ರತಿಯನ್ನು ಪಂಚಾಯಿತಿಗೋ ಪುರಸಭೆಗೋ ಕೊಡಬೇಕು, ಅಲ್ಲಿ ಅದನ್ನು ಕಾಯ್ದಿಡಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಮುಂದೆ ಅಂಥ ಸ್ಥಿತಿ ಬಂದಾಗ ಆಸ್ಪತ್ರೆಯಲ್ಲಿ ಚಿಕಿತ್ಸೆ ನೀಡುವ ವೈದ್ಯರೂ ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರೂ ಸೇರಿದ ಪ್ರಾಥಮಿಕ ಮಂಡಳಿ ಪರಿಶೀಲಿಸಬೇಕು. ಅದರ ಮೇಲೆ ಜಿಲ್ಲಾ ವೈದ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರಿರುವ ದ್ವಿತೀಯ ಮಂಡಳಿ ನೋಡಬೇಕು. ಪ್ರತಿ ಮಂಡಳಿಯೂ ಆದಷ್ಟು ಮಟ್ಟಿಗೆ 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು, ಚಿಕಿತ್ಸೆ ನಿಲ್ಲಿಸುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅದು ಹಿಂದೆಯೂ ಅಪರಾಧವಾಗಿತ್ತು, ಈಗಲೂ ಅಪರಾಧವೇ.

ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾಗಿದ್ದ ನನ್ನ ತಂದೆ ಇದನ್ನೆಲ್ಲ ಪತ್ರಿಕೆಗಳಲ್ಲಿ ಓದಿ, ಸಂಗ್ರಹಿಸಿ ಇಟ್ಟುಕೊಂಡಿದ್ದರು. ಅನಾಯಾಸ ಮರಣವನ್ನು ದಿನವೂ ದೇವರಲ್ಲಿ ಬೇಡುತ್ತಿದ್ದ ಅವರು, ಬೇಡುವುದರ ಜೊತೆಗೆ ಕಾಗದದಲ್ಲಿಯೂ ಬರೆದಿಡುವುದು ತಮ್ಮ ಕರ್ತವ್ಯ ಎನ್ನುತ್ತಿದ್ದರು. ಮಾತು ಆ ಕಡೆಗೆ ಹೊರಳಿದೊಡನೆ ತಾಯಿ "ಬಿಡ್ತು ಅನ್ನಿ" ಎಂದು ಗದರುತ್ತಿದ್ದರು, ನಾವು ಮಕ್ಕಳು ಎದ್ದು ಒಳಗೆ ಹೋಗುತ್ತಿದ್ದೆವು. ಆದರೂ ಅವರು ಬಿಡದೆ, ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ನೋಟರಿಯ ಮುಂದೆ ಸಹಿ ಮಾಡಿದರು. ಪ್ರಜ್ಞೆ ಮರಳುವ ಸಾಧ್ಯತೆ ಇಲ್ಲವೆಂದು ವೈದ್ಯರು ಹೇಳಿದ ಮೇಲೆ ವೆಂಟಿಲೇಟರ್ ಬೇಡ, ಎದೆ ಒತ್ತಿ ಉಸಿರು ಮರಳಿಸುವುದು ಬೇಡ, ನೋವು ಕಡಿಮೆ ಮಾಡುವ ಔಷಧ ಮಾತ್ರ ಸಾಕು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ತಮ್ಮ ಪರವಾಗಿ ತೀರ್ಮಾನ ತೆಗೆದುಕೊಳ್ಳಲು ನನ್ನ ಹೆಸರನ್ನೂ ನನ್ನ ತಮ್ಮನ ಹೆಸರನ್ನೂ ಬರೆದಿದ್ದರು.

ಪತ್ರದ ಪ್ರತಿಯನ್ನು ಕೊಡಲು ಅವರ ಜೊತೆ ನಮ್ಮ ಗ್ರಾಮ ಪಂಚಾಯಿತಿ ಕಚೇರಿಗೆ ನಾನೇ ಹೋಗಿದ್ದೆ. ಅಲ್ಲಿಯ ಸಿಬ್ಬಂದಿ ಮರ್ಯಾದೆಯಿಂದ ಕುರ್ಚಿ ಹಾಕಿ ಕೂರಿಸಿದರು, ಪತ್ರವನ್ನು ತಿರುವಿ ತಿರುವಿ ನೋಡಿದರು. ಮೊದಲು ಅದನ್ನು ಆಸ್ತಿಯ ವಿಲ್ ಎಂದುಕೊಂಡು ಉಪನೋಂದಣಿ ಕಚೇರಿಗೆ ಹೋಗಿ ಎಂದರು. ವಿವರಿಸಿದ ಮೇಲೆ ಪಿಡಿಓ ಅವರು ಇಂಥದ್ದರ ಬಗ್ಗೆ ಸುತ್ತೋಲೆ ಬಂದಿಲ್ಲ, ಇದನ್ನು ಯಾವ ಕಡತದಲ್ಲಿ ಇಡಬೇಕೆಂದು ತಮಗೆ ತಿಳಿಯದು ಎಂದು ಪ್ರಾಮಾಣಿಕವಾಗಿ ಹೇಳಿದರು. ಕೊನೆಗೆ ಟಪಾಲು ವಹಿಯಲ್ಲಿ ನಮೂದಿಸಿ, ನಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಒತ್ತಿಕೊಟ್ಟರು. ಬೀದಿದೀಪದ ಅರ್ಜಿಗೂ ನೀರಿನ ತೆರಿಗೆಯ ದೂರಿಗೂ ನಡುವೆ ನನ್ನ ತಂದೆಯ ಕೊನೆಯ ಇಚ್ಛೆ ದಾಖಲಾಯಿತು. ಆ ಕಾಗದ ಈಗ ಎಲ್ಲಿದೆ ಎಂಬುದು ಆ ಕಚೇರಿಯವರಿಗೂ ತಿಳಿದಿಲ್ಲ.

ಒಂದು ರಾತ್ರಿ ಊಟ ಮುಗಿಸಿ ಏಳುವಾಗ ತಂದೆ ಕುಸಿದುಬಿದ್ದರು. ಅವರಿಗೆ 83 ವರ್ಷ. ನಮ್ಮ ಜಿಲ್ಲೆಯಲ್ಲಿ ಇಂಥ ತುರ್ತಿಗೆ ತಕ್ಕ ದೊಡ್ಡ ಆಸ್ಪತ್ರೆ ಇಲ್ಲ ಎಂಬ ದುಃಖ ತಮಗೆ ಗೊತ್ತಿರುವುದೇ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ ಎಂದು ಆಂಬುಲೆನ್ಸಿನಲ್ಲಿ ಓಡುವುದೇ ನಮ್ಮ ಪಾಡು. ಹಾಗೆ ಜಿಲ್ಲೆಯ ಹೊರಗಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಮೆದುಳಿನಲ್ಲಿ ಭಾರಿ ರಕ್ತಸ್ರಾವವಾಗಿತ್ತು. ಮೊದಲ ರಾತ್ರಿಯೇ ವೆಂಟಿಲೇಟರ್ ಹಾಕಿದ್ದರು. ಆ ಗಡಿಬಿಡಿಯಲ್ಲಿ ಅದು ತಪ್ಪೆಂದು ನಾನು ಹೇಳಲಾರೆ, ಏನಾಗಿದೆ ಎಂದು ತಿಳಿಯುವ ಮೊದಲು ಜೀವ ಉಳಿಸಲು ನೋಡುವುದು ವೈದ್ಯರ ಧರ್ಮ. ಕೆಲವು ದಿನಗಳ ಬಳಿಕ ಹಿರಿಯ ವೈದ್ಯರು ನಮ್ಮನ್ನು ಕೂರಿಸಿಕೊಂಡು, ಪ್ರಜ್ಞೆ ಮರಳುವುದಿಲ್ಲ, ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ ಎಂದು ಕನಿಕರದಿಂದಲೇ ತಿಳಿಸಿದರು. ಆಗ ನಾನು ತಂದೆಯ ಪತ್ರವನ್ನು ಅವರ ಮುಂದಿಟ್ಟು, ಪ್ರಾಥಮಿಕ ಮಂಡಳಿಯನ್ನು ರಚಿಸಿ ಎಂದು ಲಿಖಿತವಾಗಿ ಕೇಳಿದೆ.

ಅವರು ಪತ್ರವನ್ನು ಓದಿ ಆಡಳಿತ ವಿಭಾಗಕ್ಕೆ ಕಳಿಸಿದರು. ಆಡಳಿತದವರು ತಮ್ಮ ವಕೀಲರನ್ನು ಕೇಳಬೇಕೆಂದರು. ವಕೀಲರು ಜಿಲ್ಲಾ ಆರೋಗ್ಯಾಧಿಕಾರಿಗಳಿಂದ ಯಾವ ವೈದ್ಯರ ಹೆಸರೂ ಬಂದಿಲ್ಲ, ಹಾಗಿರುವಾಗ ಆಸ್ಪತ್ರೆ ಮುಂದುವರಿಯುವುದು ಸರಿಯಲ್ಲ ಎಂದರಂತೆ. ಹೀಗೆ ದಿನ ಕಳೆಯುತ್ತಿರುವಾಗ ಸಿಬ್ಬಂದಿಯೊಬ್ಬರು ಬಂದು, "ಅಮ್ಮಾ, ಇದಕ್ಕೆಲ್ಲ ಬಹಳ ಹೊತ್ತಾಗುತ್ತದೆ. ನೀವೇ ಸಹಿ ಮಾಡಿ ಮನೆಗೆ ಕರೆದುಕೊಂಡು ಹೋಗಿ, ಎಲ್ಲರೂ ಹಾಗೇ ಮಾಡುವುದು" ಎಂದರು. ಅವರು ಮುಂದೆ ಹಿಡಿದ ನಮೂನೆಯಲ್ಲಿ, ವೈದ್ಯರ ಸಲಹೆಗೆ ವಿರುದ್ಧವಾಗಿ, ಮುಂದಾಗುವುದನ್ನೆಲ್ಲ ತಿಳಿದೂ ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ರೋಗಿಯನ್ನು ಒಯ್ಯುತ್ತಿದ್ದೇವೆ ಎಂದು ಅಚ್ಚಾಗಿತ್ತು. ಮಾನ್ಯರೇ, ಯಾವ ಸಲಹೆಗೆ ವಿರುದ್ಧ? ಇನ್ನೇನೂ ಉಳಿದಿಲ್ಲ ಎಂದವರು ವೈದ್ಯರೇ. ಕಾನೂನಿನ ಪ್ರಕಾರ ನಡೆಯಿರಿ ಎಂದು ಕೇಳಿದವರು ನಾವು. ಆದರೆ ಕಾಗದದಲ್ಲಿ ತಂದೆಯನ್ನು ಚಿಕಿತ್ಸೆ ತಪ್ಪಿಸಿ ಒಯ್ದ ಮಕ್ಕಳು ನಾವಾದೆವು.

ಅಲ್ಲಿಂದ ಮನೆಯವರೆಗಿನ ಹೆದ್ದಾರಿಯ ದಾರಿಯನ್ನು ಹೇಳದೆ ಬಿಟ್ಟರೆ ನನ್ನ ದೂರಿಗೆ ಅರ್ಥವಿರುವುದಿಲ್ಲ. ವೆಂಟಿಲೇಟರಿನಿಂದ ಬಿಡಿಸಿ, ಗಂಟಲಿನ ನಳಿಕೆಯನ್ನು ಹಾಗೇ ಉಳಿಸಿ, ಅದರ ತುದಿಗೆ ಆಂಬು ಬ್ಯಾಗ್ ಸಿಕ್ಕಿಸಿದ್ದರು. ಆ ರಬ್ಬರಿನ ಚೀಲವನ್ನು ಒಂದೇ ಸಮನೆ ಒತ್ತುತ್ತಿರಬೇಕು. ಆಂಬುಲೆನ್ಸಿನ ಹುಡುಗನ ಕೈ ಸೋತಾಗ ನನ್ನ ತಮ್ಮ ಒತ್ತಿದ. ರಸ್ತೆಯ ಹೊಂಡಕ್ಕೆ ಗಾಡಿ ಎತ್ತಿಹಾಕಿದಾಗಲೆಲ್ಲ ಲಯ ತಪ್ಪಿತೆಂದು ಹೆದರಿ ಇನ್ನಷ್ಟು ಜೋರಾಗಿ ಒತ್ತುತ್ತಿದ್ದ. ಮನೆ ತಲುಪಿ ಜಗಲಿಯಲ್ಲಿ ಮಲಗಿಸಿದ ಮೇಲೆ ನಳಿಕೆಯನ್ನು ತೆಗೆದವನು ವೈದ್ಯನಲ್ಲ, ನರ್ಸ್ ಅಲ್ಲ, ಊರಿಗೆ ಹಿಂದಿರುಗುವ ಅವಸರದಲ್ಲಿದ್ದ ಆ ಎಳೆಯ ಹುಡುಗ. ಅವನ ಕೈ ನಡುಗುತ್ತಿತ್ತು. ಆಮೇಲೆ ತಂದೆ ಬಹಳ ಹೊತ್ತು ಏದುಸಿರು ಬಿಟ್ಟರು. ಆ ಏದುಸಿರನ್ನು ಶಮನಗೊಳಿಸಲು ಮಾರ್ಫಿನ್ ಇದೆ, ಬೇರೆ ಔಷಧಗಳೂ ಇವೆ, ಆಸ್ಪತ್ರೆಯಲ್ಲಿ ಕ್ರಮಬದ್ಧವಾಗಿ ವೆಂಟಿಲೇಟರ್ ತೆಗೆಯುವಾಗ ಅವನ್ನು ಕೊಟ್ಟೇ ತೆಗೆಯುತ್ತಾರೆ ಎಂದು ನನಗೆ ನಂತರ ತಿಳಿಯಿತು. ನಮಗೆ ಕೊಟ್ಟು ಕಳಿಸಿದ್ದು ಡಿಸ್ಚಾರ್ಜ್ ಸಾರಾಂಶ ಮತ್ತು ಬಿಲ್ಲು. ಹಕ್ಕನ್ನು ಕೊಟ್ಟಿರುವ ನಾಡಿನಲ್ಲಿ, ಬರೆದಿಟ್ಟ ಕಾಗದ ಕೈಯಲ್ಲಿದ್ದೂ, ನನ್ನ ತಂದೆ ಕಾನೂನಿನ ನೆರಳಿಲ್ಲದೆ, ಔಷಧದ ಆಸರೆಯಿಲ್ಲದೆ ತೀರಿಕೊಂಡರು. "ಎಲ್ಲರೂ ಹಾಗೇ ಮಾಡುವುದು" ಎಂಬ ಆ ಮಾತು ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿದೆ, ಏಕೆಂದರೆ ಅದು ನಿಜ. ತೀವ್ರ ನಿಗಾ ಘಟಕದಿಂದ ಮನೆಗೆ ಹೋಗುವ ಈ ಹಿಂಬಾಗಿಲು ಎಲ್ಲ ಊರುಗಳಲ್ಲೂ ಇದೆ. ಮುಂಬಾಗಿಲಿಗೆ ಬೀಗ ಹಾಕಿರುವುದರಿಂದ ಜನ ಅದರಿಂದಲೇ ಹೋಗುತ್ತಿದ್ದಾರೆ.

ಸಾವಿನ ಬಗ್ಗೆ ನಮ್ಮ ಜನ ಏನು ನಂಬುತ್ತಾರೆ ಎಂಬುದನ್ನೂ ಇಲಾಖೆ ಗಣನೆಗೆ ತೆಗೆದುಕೊಳ್ಳಬೇಕೆಂದು ವಿನಂತಿಸುತ್ತೇನೆ. ಕೊನೆಗಾಲಕ್ಕೆ ಬಾಯಿಗೆ ನೀರು ಬಿಡುವವರು ಇರಬೇಕು ಎಂಬುದು ನಮ್ಮಲ್ಲಿ ಎಲ್ಲ ಜಾತಿಯವರ ಆಸೆ. ಹಿಂದೂಗಳ ಮನೆಯಲ್ಲಿ ತುಳಸಿ ನೀರು. ಮುಸಲ್ಮಾನರ ಮನೆಯಲ್ಲಿ ಝಮ್‌ಝಮ್ ನೀರು, ಕಿವಿಯ ಬಳಿ ಕಲಿಮಾ. ಕ್ರೈಸ್ತರ ಮನೆಗೆ ಪಾದ್ರಿಗಳು ಬಂದು ತೈಲ ಹಚ್ಚಿ ಪ್ರಾರ್ಥಿಸುತ್ತಾರೆ. ತಂದೆ ಐಸಿಯುವಿನಲ್ಲಿದ್ದ ಅಷ್ಟೂ ದಿನ ನನ್ನ ತಾಯಿ, ಭೇಟಿಗೆಂದು ಬಿಡುವ ಆ ಕೆಲವೇ ನಿಮಿಷಗಳಲ್ಲಿ, ಒಂದು ಚಮಚ ನೀರು ಬಿಡಲೇ ಎಂದು ಕೇಳುತ್ತಿದ್ದರು. ಬಾಯಿಯ ತುಂಬ ನಳಿಕೆ, ಅದರ ಮೇಲೆ ಅಂಟುಪಟ್ಟಿ. ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ನರ್ಸ್ ಹೇಳಿದ್ದು ಸರಿಯೇ. ಆದರೂ ಆ ನರ್ಸ್ ಹತ್ತಿಬಟ್ಟೆಯ ಚೂರನ್ನು ಅದ್ದಿ ತಾಯಿಯ ಕೈಗೆ ಕೊಟ್ಟು ತುಟಿ ಒರೆಸಲು ಬಿಟ್ಟಳು. ಆಕೆ ಕಲಿತ ಯಾವ ಪಾಠದಲ್ಲೂ ಅದು ಇರಲಿಕ್ಕಿಲ್ಲ. ಇರಬೇಕು ಎಂಬುದು ನನ್ನ ಕೋರಿಕೆ.

ಸಾವನ್ನು ಕುರಿತು ಮಾತನಾಡಲು ಬಾರದ ನಾಡು ನಮ್ಮದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ, ಜೈನರ ಉಪವಾಸದ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ಹೆಸರುಗಳನ್ನು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕೊರೆಯಲಾಗಿದೆ. ಊರೂರಿನಲ್ಲಿ ವೀರಗಲ್ಲುಗಳೂ, ಅಂಥ ವ್ರತಿಗಳ ನೆನಪಿನ ನಿಸಿಧಿ ಕಲ್ಲುಗಳೂ ನಿಂತಿವೆ. ನಾನು ಕೇಳುತ್ತಿರುವುದು ಸಲ್ಲೇಖನವಲ್ಲ, ಅದು ಒಂದು ಧರ್ಮದ ವ್ರತ. ಆದರೆ ಹೇಗೆ ಹೋಗಬೇಕೆಂದು ಮುಂಚಿತವಾಗಿ ಯೋಚಿಸುವುದು ಅಪಶಕುನವಲ್ಲ ಎಂಬುದಕ್ಕೆ ಆ ಕಲ್ಲುಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಈಗ ಮಾತ್ರ ಇನ್ನೊಂದು ನಂಬಿಕೆ ನಮ್ಮನ್ನು ಆವರಿಸಿಕೊಂಡಿದೆ. ಕೊನೆಯ ಗಳಿಗೆಯವರೆಗೂ ದೊಡ್ಡ ಆಸ್ಪತ್ರೆಯಲ್ಲಿ ಇಟ್ಟಿದ್ದರೆ ಮಾತ್ರ ಮಕ್ಕಳು ಕೈಲಾದದ್ದನ್ನೆಲ್ಲ ಮಾಡಿದರು. ಇಲ್ಲವಾದರೆ ತಂದೆತಾಯಿಯನ್ನು ಸಾಯಲು ಬಿಟ್ಟರು. ಈ ಮಾತಿಗೆ ಹೆದರಿ ಚಿನ್ನ ಒತ್ತೆಯಿಟ್ಟವರನ್ನು, ತೋಟ ಮಾರಿದವರನ್ನು ನಾನು ಬಲ್ಲೆ. ಹೆತ್ತವರ ಮೇಲಿನ ಪ್ರೀತಿಯನ್ನು ಆಸ್ಪತ್ರೆಯ ಬಿಲ್ಲಿನಿಂದ ಅಳೆಯುವ ಈ ಅಭ್ಯಾಸವನ್ನು ಸುತ್ತೋಲೆಯೊಂದರಿಂದ ಬಿಡಿಸಲಾಗದು ಎಂಬುದು ನನಗೆ ಗೊತ್ತು. ಆದರೆ ರೋಗಿಯೇ ಬರೆದಿಟ್ಟ ಪತ್ರ ಕುಟುಂಬದ ಮುಂದೆ ಇದ್ದರೆ, ಆ ನಿಂದೆಯ ಭಾರವನ್ನು ಮಕ್ಕಳ ಹೆಗಲಿನಿಂದ ಅದು ಇಳಿಸುತ್ತದೆ. ನನ್ನ ತಂದೆ ಬರೆದಿಟ್ಟಿರದಿದ್ದರೆ ನನಗೂ ತಮ್ಮನಿಗೂ ಈ ಹೊತ್ತಿಗೆ ಮಾತು ಬಿಟ್ಟುಹೋಗಿರುತ್ತಿತ್ತು.

ಇದನ್ನು ಓದುವ ಕೆಲವರಿಗೆ ಒಂದು ಭಯ ಬರುತ್ತದೆ, ಬರಬೇಕಾದದ್ದೇ. ಆಸ್ತಿಯ ಆಸೆಗೆ ಮುದುಕರಿಂದ ಸಹಿ ಹಾಕಿಸಿಕೊಂಡರೆ? ಬಡವನಿಗೆ ಚಿಕಿತ್ಸೆ ಕೊಡದಿರಲು ಇದೇ ನೆಪವಾದರೆ? ಅದಕ್ಕಾಗಿಯೇ ಎರಡು ಮಂಡಳಿಗಳು, ಸಾಕ್ಷಿಗಳು, ಮ್ಯಾಜಿಸ್ಟ್ರೇಟರಿಗೆ ತಿಳಿಸುವ ಕ್ರಮ. ಅದಕ್ಕಾಗಿಯೇ ಬರೆದವರು ಯಾವಾಗ ಬೇಕಾದರೂ ಪತ್ರವನ್ನು ಹಿಂತೆಗೆದುಕೊಳ್ಳಬಹುದು ಎಂಬ ನಿಯಮ. ನಮ್ಮೆದುರು ಹಿಡಿದ ಆ ಬಿಡುಗಡೆಯ ನಮೂನೆಯಲ್ಲಿ ಈ ಯಾವ ರಕ್ಷಣೆಯೂ ಇಲ್ಲ. ದುರುಪಯೋಗ ಮಾಡಬೇಕೆನ್ನುವವರಿಗೆ ಅದಕ್ಕಿಂತ ಸುಲಭದ ದಾರಿ ಬೇರೆ ಬೇಕಿಲ್ಲ. ಕೊನೆಯವರೆಗೂ ಹೋರಾಡಬೇಕು, ಎಲ್ಲ ಚಿಕಿತ್ಸೆಯೂ ಬೇಕು ಎನ್ನುವವರಿಗೆ ಅದು ಸಿಗಲೇಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ವೈದ್ಯರ ಭಯವೂ ಸುಳ್ಳಲ್ಲ. ಹೊರದೇಶದಿಂದ ಬಂದಿಳಿದ ಸಂಬಂಧಿಕರೊಬ್ಬರು ಗಲಾಟೆ ಎಬ್ಬಿಸಿದರೆ, ಪೊಲೀಸರಿಗೆ ದೂರು ಕೊಟ್ಟರೆ, ಹಲ್ಲೆಗೆ ಇಳಿದರೆ, ಅವರ ಬೆನ್ನಿಗೆ ನಿಲ್ಲುವ ಕಾಗದ ಬೇಕು. ಆ ಕಾಗದವನ್ನು ಸಿದ್ಧಪಡಿಸುವ ಕ್ರಮವನ್ನೇ ತಮ್ಮ ಆದೇಶ ಹೇಳುತ್ತಿರುವುದು.

ಆದ್ದರಿಂದ ಮೊದಲನೆಯದಾಗಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಹಾಗೂ ನಗರಾಭಿವೃದ್ಧಿ ಇಲಾಖೆಯ ಜೊತೆ ಸೇರಿ, ಪ್ರತಿ ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಯಲ್ಲಿ ಈ ಪತ್ರಗಳನ್ನು ಕಾಯ್ದಿಡುವ ಅಧಿಕಾರಿ ಯಾರೆಂದು ಹುದ್ದೆಯ ಹೆಸರಿನಿಂದ ನಿಗದಿಪಡಿಸಿ ಆದೇಶಿಸಬೇಕೆಂದು ಕೋರುತ್ತೇನೆ. ಅದಕ್ಕೊಂದು ಪ್ರತ್ಯೇಕ ವಹಿ ಇರಲಿ, ಆಸ್ಪತ್ರೆಯಿಂದ ವಿಚಾರಣೆ ಬಂದರೆ ಯಾರು ಎಷ್ಟು ಹೊತ್ತಿನಲ್ಲಿ ಉತ್ತರಿಸಬೇಕು ಎಂಬುದೂ ಅದರಲ್ಲಿರಲಿ. ಇಂಥ ಪತ್ರವನ್ನು ಡಿಜಿಟಲ್ ಆರೋಗ್ಯ ದಾಖಲೆಗೆ ಸೇರಿಸಬಹುದೆಂದು 2023ರಲ್ಲಿ ನ್ಯಾಯಾಲಯವೇ ಹೇಳಿದೆ. ಹೊನ್ನಾವರದ ಪಂಚಾಯಿತಿಯಲ್ಲಿಟ್ಟ ಪತ್ರ ಮಂಗಳೂರಿನ ವೈದ್ಯರಿಗೆ ನಡುರಾತ್ರಿಯಲ್ಲಿ ಕಾಣುವಂತಾಗಲು ಅದಲ್ಲದೆ ಬೇರೆ ದಾರಿಯಿಲ್ಲ.

ಐಸಿಯು ಇರುವ ಪ್ರತಿ ಆಸ್ಪತ್ರೆಯೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರಾಥಮಿಕ ಮಂಡಳಿಯ ಸದಸ್ಯರಾಗಬಲ್ಲ ತಜ್ಞರ ಪಟ್ಟಿಯನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಬೇಕು. ಅಂಗಾಂಗ ಕಸಿ ಕಾಯ್ದೆಯಡಿ ಅನುಮೋದಿತರಾದ ನರರೋಗ ತಜ್ಞರು, ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ತೀವ್ರ ನಿಗಾ ತಜ್ಞರನ್ನು ದ್ವಿತೀಯ ಮಂಡಳಿಗೆ ಜಿಲ್ಲಾ ಆರೋಗ್ಯಾಧಿಕಾರಿ ನಾಮನಿರ್ದೇಶನ ಮಾಡಬಹುದೆಂದು ತಮ್ಮ ಆದೇಶವೇ ಹೇಳಿದೆ. ರೋಗಿ ಸಾವಿನಂಚಿನಲ್ಲಿರುವಾಗ ಹುಡುಕಾಡುವ ಬದಲು, ಆ ಹೆಸರುಗಳು ಪ್ರತಿ ಜಿಲ್ಲೆಯಲ್ಲಿ ಇಂದೇ ಪ್ರಕಟವಾಗಲಿ. ಇನ್ನು, ಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ವೈದ್ಯರೇ ಹೇಳಿರುವ ರೋಗಿಯನ್ನು "ಸಲಹೆಗೆ ವಿರುದ್ಧ" ಎಂಬ ನಮೂನೆಯ ಮೇಲೆ ಕಳಿಸುವುದನ್ನು ನಿಲ್ಲಿಸಬೇಕೆಂಬುದು ನನ್ನ ಒತ್ತಾಯ. ಮನೆಗೆ ಹೋಗಿಯೇ ಸಾಯಬೇಕೆಂಬ ಆಸೆ ನಮ್ಮಲ್ಲಿ ಬಹಳ ಜನರಿಗಿದೆ, ಅದನ್ನು ಗೌರವಿಸುವುದಾದರೆ ನೋವಿಗೂ ಏದುಸಿರಿಗೂ ಔಷಧ ಕೊಟ್ಟು, ಕೊಡುವ ವಿಧಾನ ಹೇಳಿ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ ತಿಳಿಸಿ ಕಳಿಸಬೇಕು.

ಆದರೆ ಆ ಔಷಧ ಊರಿನಲ್ಲಿ ಇರಬೇಕಲ್ಲ. ನಮ್ಮ ನೆರೆಯ ಹೆಣ್ಣುಮಗಳೊಬ್ಬಳಿಗೆ ಬಾಯಿಯ ಕ್ಯಾನ್ಸರ್ ಆಗಿತ್ತು. ಬೆಂಗಳೂರಿನಿಂದ ತಂದ ಮಾರ್ಫಿನ್ ಮಾತ್ರೆ ಮುಗಿದ ಮೇಲೆ ಹತ್ತಿರದಲ್ಲಿ ಎಲ್ಲೂ ಸಿಗದೆ, ಆಕೆ ಕೂಗುವುದು ರಾತ್ರಿ ನಮ್ಮ ಮನೆಗೆ ಕೇಳಿಸುತ್ತಿತ್ತು. ಮಾದಕ ವಸ್ತು ಕಾಯ್ದೆಗೆ 2014ರಲ್ಲೇ ತಿದ್ದುಪಡಿ ತಂದು, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನು ಸುಲಭಗೊಳಿಸಲಾಗಿದೆ. ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವೆಗಳಲ್ಲಿ ಉಪಶಮನ ಆರೈಕೆಯೂ, ಅಂದರೆ ರೋಗಿಯ ನೋವು ನರಳಾಟ ತಗ್ಗಿಸುವ ಆರೈಕೆಯೂ, ಸೇರಿದೆ. ನೆರೆಯ ಕೇರಳ 2008ರಲ್ಲಿಯೇ ಇದಕ್ಕೊಂದು ನೀತಿ ರೂಪಿಸಿ, ಪಂಚಾಯಿತಿಗಳ ಮೂಲಕ ನರ್ಸುಗಳನ್ನು ರೋಗಿಗಳ ಮನೆಗೇ ಕಳಿಸುತ್ತಿದೆ. ನಮ್ಮಲ್ಲೇ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಆದರೆ ಅಂಕೋಲೆಯ, ಸಿದ್ದಾಪುರದ ರೋಗಿಗೆ ಬೆಂಗಳೂರು ಎಷ್ಟು ದೂರ ಎಂದು ತಮಗೆ ಹೇಳಬೇಕಾಗಿಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಮಾರ್ಫಿನ್, ಅದನ್ನು ಬರೆದುಕೊಡಲು ತರಬೇತಿ ಪಡೆದ ಒಬ್ಬ ವೈದ್ಯರು, ಮನೆಗೆ ಹೋಗಿ ನೋಡುವ ಒಬ್ಬ ನರ್ಸ್, ಇಷ್ಟಿರಲಿ. ಇದಿಲ್ಲದೆ ಲಿವಿಂಗ್ ವಿಲ್ ಮಾತ್ರ ಇದ್ದರೆ, ವೆಂಟಿಲೇಟರ್ ಬೇಡವೆಂದ ರೋಗಿಗೆ ನರಳುವುದೊಂದೇ ಉಳಿಯುತ್ತದೆ.

ಗೃಹ ಆರೋಗ್ಯ ಯೋಜನೆಯಡಿ ಆರೋಗ್ಯ ಸಿಬ್ಬಂದಿ ಮನೆಮನೆಗೆ ಬಂದು ರಕ್ತದೊತ್ತಡ, ಸಕ್ಕರೆ ಕಾಯಿಲೆ ತಪಾಸಿಸುತ್ತಿದ್ದಾರೆ. ಅವರ ಚೀಲದಲ್ಲಿ ಲಿವಿಂಗ್ ವಿಲ್ ಬರೆಯುವ ನಮೂನೆಯೂ, ಮುಖ್ಯೋಪಾಧ್ಯಾಯರಿಗಷ್ಟೇ ಅಲ್ಲ, ಅಕ್ಷರ ಕೂಡಿಸಿ ಓದುವವರಿಗೂ ಅರ್ಥವಾಗುವ ಕನ್ನಡದಲ್ಲಿ ಇರಲಿ. ಸಹಿ ಹಾಕಿ ಎಂದು ಯಾರನ್ನೂ ಒತ್ತಾಯಿಸಬಾರದು, ಗುರಿ ನಿಗದಿ ಮಾಡಲಂತೂ ಬಾರದು. ಕೇಳಿದವರಿಗೆ ತಿಳಿಸಿ ಹೇಳಿದರೆ ಸಾಕು.

ತಂದೆ ಹೋದ ಮೇಲೆ ನನ್ನ ತಾಯಿಯೂ ತಮ್ಮ ಪತ್ರವನ್ನು ಬರೆಸಿ, ನೋಟರಿಯಿಂದ ದೃಢೀಕರಿಸಿ ಇಟ್ಟಿದ್ದಾರೆ. ಅದರ ಪ್ರತಿಯನ್ನು ನಮ್ಮ ಪಂಚಾಯಿತಿಯಲ್ಲಿ ಯಾವ ಅಧಿಕಾರಿಯ ಕೈಗೆ ಕೊಡಬೇಕು, ಅವರು ಅದಕ್ಕೆ ಯಾವ ರೀತಿಯ ರಸೀದಿ ಕೊಡಬೇಕು, ನಮ್ಮ ಜಿಲ್ಲೆಯಲ್ಲೂ ನಮ್ಮವರು ಚಿಕಿತ್ಸೆಗೆ ಹೋಗುವ ನೆರೆಯ ಜಿಲ್ಲೆಗಳಲ್ಲೂ ದ್ವಿತೀಯ ಮಂಡಳಿಗೆ ನಾಮನಿರ್ದೇಶಿತರಾದ ವೈದ್ಯರು ಯಾರು ಎಂಬುದನ್ನು ಕಾರವಾರದ ಜಿಲ್ಲಾ ಆರೋಗ್ಯ ಕಚೇರಿಯ ಮೂಲಕ ಲಿಖಿತವಾಗಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಹೊನ್ನಾವರ ತಾಲ್ಲೂಕಿನ ಓರ್ವ ನಿವಾಸಿ